ಜೋಳದ ಡ್ರಮ್ಮಿನಾಗೆ ಸಿಕ್ಕ ಬೆಂಡೋಲೆ

ಹೋದ ವರ್ಷ ಶ್ರಾವಣದಾಗೆ ನಮ್ಮತ್ತೆಯ ಬೆಂಡೋಲೆ ಕಾಣೆಯಾದ್ವು. ಅವರ ತವರುಮನೆಯಿಂದ ಬಂದ ಜೋಡಿ, ಕೆಂಪು ಹರಳಿನವು. ಎರಡು ದಿನ ಮನೆಯೆಲ್ಲ ತಡಕಾಡಿದ್ವಿ. ಟ್ರಂಕು, ದೇವರ ಜಗಲಿ, ಹಾಸಿಗೆ ಕೆಳಗೆ, ಎಲ್ಲೂ ಇಲ್ಲ. ಮೂರನೇ ದಿನ ಅತ್ತೆ ಅಂದ್ರು, "ಪಾತ್ರೆ ತಿಕ್ಕೋಳೇ ತಗಂಡಾಳೆ. ನಾನೇ ಕಣ್ಣಾರೆ ನೋಡೀನಿ."

ಆಕೆ ನಮ್ಮ ಮನೆಗೆ ಆರು ವರ್ಷದಿಂದ ಬರ್ತಿದ್ದಾಕೆ. ಒಂದು ಚಮಚ ಆಚೀಚೆ ಆದೋಳಲ್ಲ. ನಾನು ಆಕೆನ ಕಳ್ಳಿ ಅನ್ನಲಿಲ್ಲ, ಅದು ನಿಜ. ಆದ್ರೆ "ಒಂದ್ಸಲ ನೆನಪು ಮಾಡ್ಕಳವ್ವ, ಗುಡಿಸುವಾಗ ಎಲ್ಲಾದ್ರೂ ಕಂಡವಾ" ಅಂತ ಎರಡು ಸಲ ಕೇಳಿದೆ. ಎರಡನೇ ಸಲ ಕೇಳಿದಾಗ ಆಕೆ ಕೈ ತೊಳಕೊಂಡು, ಸೆರಗಿಗೆ ಒರಸಿಕೊಂಡು ಹೋದ್ಲು. ಆ ತಿಂಗಳ ದುಡ್ಡಿಗೂ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಜೋಳ ಗಿರಣಿಗೆ ಹಾಕ್ಸಾಣ ಅಂತ ಡ್ರಮ್ಮು ಬಗ್ಗಿಸಿದೆ. ತಳದಾಗೆ ಹಳೇ ಕುಪ್ಪಸದ ತುಂಡಿನ ಗಂಟು. ಬಿಚ್ಚಿದ್ರೆ ಬೆಂಡೋಲೆ, ಒಂದು ನೂರರ ನೋಟು, ಎರಡು ಏಲಕ್ಕಿ. ಹಂಗೇ ತಗೊಂಡು ಹೋಗಿ ಅತ್ತೆ ಮುಂದೆ ಹಿಡಿದೆ. ಅವರು ಕೈಯಾಗೆ ಹಿಡ್ಕೊಂಡು ನೋಡಿ, "ಯಾರವು ಇವು? ಚೆಂದ ಅದಾವೆ" ಅಂದ್ರು.

ಅವತ್ತು ನನಗೆ ಬಂದ ಸಿಟ್ಟು ಹೇಳತೀರದು. ಬಾಯಿಗೆ ಬಂದಂಗೆ ಬೈದೆ. ಸಂಜೆ ಆ ಹೆಣ್ಣುಮಗಳ ಮನೆಗೆ ಹೋಗಿ ತಪ್ಪಾತು ಅಂದೆ. "ಆತು ಬಿಡ್ರಿ ಅಕ್ಕ" ಅಂದ್ಲು. ಟೀ ಕೊಟ್ಲು. ಕೆಲಸಕ್ಕೆ ಮಾತ್ರ ತಿರುಗಿ ಬರಲಿಲ್ಲ. ಬರಬೇಕು ಅಂತ ಕೇಳೋ ಮುಖ ನನಗೂ ಇರಲಿಲ್ಲ.

ಇದನ್ನೆಲ್ಲ ಯಾಕೆ ಬರೀತಿದೀನಿ ಅಂದ್ರೆ, ಒಂದು ಹಕ್ಕಿ ಕಥೆ ಕೇಳಿದ ಮೇಲೆ ನನಗೆ ನಮ್ಮತ್ತೆ ಅರ್ಥ ಆದ್ರು. ಆ ಕಥೆ ಹೇಳಿದ್ದು ನನ್ನ ತಂಗಿ ಮಗಳು. ಬೆಂಗಳೂರಾಗೆ ಓದ್ತಾಳೆ. ಏನು ಓದ್ತಿ ಅಂದ್ರೆ "ಇಲಿಗಳ ನೆನಪಿನ ಬಗ್ಗೆ ದೊಡ್ಡಮ್ಮ" ಅಂತಾಳೆ. "ಇಲಿ ಹಿಡಿಯಾಕೆ ಇಷ್ಟು ವರ್ಷ ಓದಬೇಕಿತ್ತೇನೇ, ನಮ್ಮನಿ ಹಿತ್ತಲಾಗೆ ಬಾ" ಅಂತ ನಾನು ನಗಾಡ್ತಿದ್ದೆ. ಸಂಕ್ರಾಂತಿಗೆ ಅವಳು ನಿಟ್ಟುವಳ್ಳಿಗೆ ಬಂದಾಗ ಬೆಂಡೋಲೆ ಕಥೆ ಹೇಳಿದೆ. ಅವಳು ನಗಲಿಲ್ಲ. ಇನ್ನೊಂದು ಬಚ್ಚಿಟ್ಟ ಗಂಟಿನ ಕಥೆ ಹೇಳಿದ್ಲು.

ಅಮೆರಿಕದಾಗೆ ಸ್ಕ್ರಬ್ ಜೇ ಅಂತ ಒಂದು ನೀಲಿ ಹಕ್ಕಿ ಐತಂತೆ, ನಮ್ಮ ಕಾಗೆ ಕುಲದ್ದೇ. ಸಿಕ್ಕಿದ್ದನ್ನ ಅಲ್ಲಲ್ಲಿ ಮಣ್ಣಾಗೆ ಬಚ್ಚಿಟ್ಟು ಆಮೇಲೆ ತೆಗೆದು ತಿನ್ನೋದು ಅದರ ರೂಢಿ. 1998ರಾಗೆ ನಿಕೋಲಾ ಕ್ಲೇಟನ್ ಅನ್ನೋ ಹೆಣ್ಣುಮಗಳು, ಆಂಥೊನಿ ಡಿಕಿನ್ಸನ್ ಅನ್ನೋರು ಸೇರಿ ಅದಕ್ಕೊಂದು ಪರೀಕ್ಷೆ ಮಾಡಿದ್ರು. ಹಕ್ಕಿಗೆ ಹುಳ ಕೊಟ್ರು, ಶೇಂಗಾ ಕೊಟ್ರು. ಹುಳ ಅಂದ್ರೆ ಅದಕ್ಕೆ ಪಂಚಪ್ರಾಣ. ಆದ್ರೆ ಹುಳ ಬೇಗ ಕೆಡುತ್ತೆ, ಶೇಂಗಾ ಕೆಡಲ್ಲ. ಇದನ್ನ ಹಕ್ಕಿಗಳು ಮೊದಲೇ ಕಲ್ತಿದ್ವು. ಎರಡನ್ನೂ ಮರಳಿನ ತಟ್ಟೆಯಾಗೆ ಬೇರೆ ಬೇರೆ ಕಡೆ ಬಚ್ಚಿಡಾಕೆ ಬಿಟ್ರು. ಇಟ್ಟು 4 ತಾಸಾದ ಮೇಲೆ ಬಿಟ್ರೆ ಹಕ್ಕಿ ನೆಟ್ಟಗೆ ಹುಳ ಇಟ್ಟ ಕಡೆ ಹೋತು. 124 ತಾಸು, ಅಂದ್ರೆ ಐದು ದಿನದ ಮೇಲೆ ಬಿಟ್ರೆ ಹುಳದ ಕಡೆ ತಿರುಗದೆ ಶೇಂಗಾ ಇಟ್ಟ ಕಡೆ ಹೋತು. ವಾಸನೆ ಹಿಡಿದು ಹೋಗಿರಬೇಕು ಅಂತೀರೇನು? ಪರೀಕ್ಷೆ ಹೊತ್ತಿಗೆ ಇಟ್ಟಿದ್ದನ್ನೆಲ್ಲ ತೆಗೆದು ಹೊಸ ಮರಳು ಹಾಕಿದ್ರು. ವಾಸನೆಗೆ ಅಲ್ಲೇನೂ ಇರಲಿಲ್ಲ.

ಅಂದ್ರೆ ಆ ಹಕ್ಕಿಗೆ ಏನಿಟ್ಟೆ, ಎಲ್ಲಿಟ್ಟೆ, ಯಾವಾಗ ಇಟ್ಟೆ ಅನ್ನೋ ಮೂರೂ ಒಂದೇ ಗಂಟಿನಾಗೆ ಇದ್ವು. ಒಂದು ಸಲ ಆದದ್ದನ್ನ ಹಿಂಗೆ ಗಂಟು ಕಟ್ಟಿ ಇಟ್ಕೊಳ್ಳೋದಕ್ಕೆ ಎಪಿಸೋಡಿಕ್ ಮೆಮೊರಿ ಅಂತ ಹೆಸರು. ಘಟನೆ ನೆನಪು ಅನ್ನಾಣ. 1972ರಾಗೆ ಕೆನಡಾದ ಎಂಡೆಲ್ ಟಲ್ವಿಂಗ್ ಅನ್ನೋರು ಆ ಹೆಸರಿಟ್ರು. ಮನುಷ್ಯರಿಗಾದ್ರೆ ಅದು ಬರೀ ಮಾಹಿತಿ ಅಲ್ಲ. ನನ್ನ ಮದುವೆ ದಿನ ಮಳೆ ಬಂತು ಅಂತ ನೆನೆಸ್ಕಂಡ್ರೆ ಒದ್ದೆ ಚಪ್ಪರದ ವಾಸನೆ ಸಮೇತ ನಾನು ಅಲ್ಲಿಗೆ ಹೋಗಿ ನಿಲ್ತೀನಿ. ಹಕ್ಕಿ ಹಂಗೆ ಹೋಗಿ ನಿಲ್ಲುತ್ತೋ ಇಲ್ಲೋ, ಅದನ್ನ ಕೇಳಾಕೆ ಅದಕ್ಕೆ ಬಾಯಿಲ್ಲ. ಅದಕ್ಕೇ ವಿಜ್ಞಾನಿಗಳು ಪ್ರಾಣಿಗಳದ್ದನ್ನ ಘಟನೆ ನೆನಪು ಅನ್ನದೆ, ಘಟನೆ ನೆನಪಿನಂಥದ್ದು ಅಂತಾರೆ. ಆ "ಅಂಥದ್ದು" ಅನ್ನೋ ಮಾತಿನಾಗಿರೋ ಹುಷಾರಿ ನನಗೆ ಹಿಡಿಸಿತು.

ಆಗ ನಮ್ಮತ್ತೆ ನೆನಪಾದ್ರು. ಅವರೂ ಬಚ್ಚಿಟ್ಟಿದ್ರು. ಕೆಲಸದೋರು ಬರ್ತಾರೆ, ಹುಷಾರಾಗಿರಬೇಕು ಅನ್ನೋ ಹಳೇ ಬುದ್ಧಿ ಹಂಗೇ ಇತ್ತು. ಬೆಂಡೋಲೆ ಬೆಲೆಯವು ಅನ್ನೋದೂ ಗೊತ್ತಿತ್ತು. ಇಟ್ಟೆ ಅನ್ನೋ ಘಟನೆ ಮಾತ್ರ ಗಂಟಾಗಲೇ ಇಲ್ಲ. ಬೆಂಡೋಲೆ ಇಲ್ಲ, ತಾನು ಇಟ್ಟಿಲ್ಲ ಅಂದ ಮೇಲೆ ಯಾರೋ ತಗಂಡಿರಬೇಕಲ್ಲ? ಖಾಲಿ ಬಿದ್ದ ಜಾಗದಾಗೆ ಮನಸ್ಸು ಒಂದು ಕಥೆ ತುಂಬಿತು. ಅವರು ಸುಳ್ಳು ಹೇಳಿದ್ದಲ್ಲ. ನಾನು ಬೈದಿದ್ದು ಮಾತ್ರ ತಪ್ಪು ಜಾಗಕ್ಕೆ.

ನಮ್ಮ ಬೀದಿಯಾಗೆ ಒಂದು ಹಸ ಐತೆ. ದಿನಾ ಹತ್ತಕ್ಕೆ ಗೇಟಿಗೆ ಬಂದು ತಲೆ ಹಾಕುತ್ತೆ, ರಾತ್ರಿ ಮಿಕ್ಕ ರೊಟ್ಟಿ ತಿಂದು ಹೋಗುತ್ತೆ. "ಇದಕ್ಕೂ ಏನು, ಎಲ್ಲಿ, ಯಾವಾಗ ಮೂರೂ ಗೊತ್ತಲ್ಲೇ" ಅಂದೆ. ಅದು ರೂಢಿ ದೊಡ್ಡಮ್ಮ, ಘಟನೆ ಅಲ್ಲ ಅಂದ್ಲು. ದಿನಾ ಆಗೋದನ್ನ ಕಲಿಯೋದು ಬೇರೆ, ಒಂದೇ ಸಲ ಆದದ್ದನ್ನ ಇಟ್ಕೊಳ್ಳೋದು ಬೇರೆ. 2016ರಾಗೆ ಹಂಗರಿ ದೇಶದಾಗೆ ನಾಯಿಗಳ ಮೇಲೆ ಇದನ್ನೇ ನೋಡಿದ್ರಂತೆ. ಯಜಮಾನ ಮಾಡಿದ್ದನ್ನ ಮಾಡು ಅಂದ್ರೆ ಮಾಡೋ ಹಂಗೆ ನಾಯಿಗಳಿಗೆ ಕಲಿಸಿದ್ರು. ಆಮೇಲೆ ಅವು ಮಲಗೋದೇ ರೂಢಿ ಮಾಡಿ, ಇನ್ನು ತಮಗೇನೂ ಹೇಳಲ್ಲ ಅಂತ ಅವು ಅಂದ್ಕೊಂಡಾಗ, ಒಂದು ನಿಮಿಷ ಬಿಟ್ಟೋ ಒಂದು ತಾಸು ಬಿಟ್ಟೋ ಇದ್ದಕ್ಕಿದ್ದಂತೆ "ಮಾಡು" ಅಂದ್ರು. ಬೇಕು ಅಂತ ನೆನಪಿಟ್ಕೊಳ್ಳದ ಸಂಗತಿನೂ ಎಷ್ಟೋ ನಾಯಿಗಳಿಗೆ ನೆನಪಿತ್ತು. ಹೊತ್ತು ಹೋದಂಗೆಲ್ಲ ಅದು ಮಸುಕಾಗ್ತಾ ಹೋತು, ನಮಗಾಗೋ ಹಂಗೇ.

ರೂಢಿ ಬೇರೆ, ಘಟನೆ ಬೇರೆ ಅನ್ನೋದನ್ನ ನಾನು ಅಡಿಗೆ ಮನ್ಯಾಗೆ ದಿನಾ ನೋಡ್ತೀನಿ. ಬೆಳಿಗ್ಗೆ ಏನು ತಿಂದ್ರಿ ಅಂದ್ರೆ ಅತ್ತೆಗೆ ಗೊತ್ತಿಲ್ಲ. ಹಿಟ್ಟಿನ ಮುಂದೆ ಕೂರಿಸಿದ್ರೆ ಎಸರಿನ ಹದ, ನಾದೋ ಹದ ಒಂದೂ ತಪ್ಪಲ್ಲ, ಅವರು ಬಡಿದ ರೊಟ್ಟಿ ಇವತ್ತಿಗೂ ನನ್ನದಕ್ಕಿಂತ ತೆಳ್ಳಗೆ. ಮುಂಚೆ ಇದನ್ನ ನೋಡಿ ಇವರು ನಾಟಕ ಮಾಡ್ತಾರೆ ಅನ್ಕೊಂಡಿದ್ದೆ. ಅಮೆರಿಕದಾಗೆ ಹೆನ್ರಿ ಮೊಲೈಸನ್ ಅನ್ನೋರಿಗೆ 1953ರಾಗೆ ಫಿಟ್ಸ್ ಕಾಯಿಲೆಗೆ ಮೆದುಳಿನ ಆಪರೇಷನ್ ಆತು. ಎರಡೂ ಕಿವಿಯ ನೇರಕ್ಕೆ ಒಳಗೆ ಹಿಪೊಕ್ಯಾಂಪಸ್ ಅಂತ ಕಡಲಕುದುರೆ ಆಕಾರದ ಭಾಗ ಇರುತ್ತೆ. ಅದರ ಬಹುಪಾಲು ತೆಗೆದುಬಿಟ್ರು. ಅವತ್ತಿಂದ 2008ರಾಗೆ ಸಾಯೋವರೆಗೂ ಹೊಸದೊಂದು ಘಟನೆ ಅವರ ತಲೆಯಾಗೆ ನಿಲ್ಲಲಿಲ್ಲ. ಆದ್ರೆ ಬ್ರೆಂಡಾ ಮಿಲ್ನರ್ ಅನ್ನೋರು ಕನ್ನಡಿ ನೋಡ್ಕೊಂಡು ನಕ್ಷತ್ರದ ಗೆರೆ ತಿದ್ದೋದು ಕಲಿಸಿದ್ರೆ ದಿನದಿಂದ ದಿನಕ್ಕೆ ಕೈ ಪಳಗಿತು. ದಿನಾ ಕೇಳಿದ್ರೆ ಇದನ್ನ ನಾನು ಯಾವತ್ತೂ ಮಾಡಿಲ್ಲ ಅಂತಿದ್ರಂತೆ. ನಮ್ಮತ್ತೆ ರೊಟ್ಟಿ ನಾಟಕ ಅಲ್ಲ ಅಂತ ನನಗೆ ತಿಳಿದದ್ದು ಆಗ.

ಇನ್ನು ಇಲಿ ಯಾಕೆ ಬೇಕು ಅಂದ್ರೆ, ಈ ಹಿಪೊಕ್ಯಾಂಪಸ್ ಇಲಿಗೂ ಐತೆ. ಅಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೆಡಿಸೋದು ಇದನ್ನ, ಇದರ ಪಕ್ಕದ ಭಾಗವನ್ನ. ಅದಕ್ಕೇ ಮೊದಲು ಹೋಗೋದು ಘಟನೆ ನೆನಪು. ಇಲಿಗೆ ಆ ಕಾಯಿಲೆ ಮನುಷ್ಯರ ಹಂಗೆ ತಾನಾಗೇ ಬರಲ್ಲ, ಮನುಷ್ಯರ ಕಾಯಿಲೆಯ ಜೀನು ಸೇರಿಸಿ ಹುಟ್ಟಿಸ್ತಾರೆ. ಪರೀಕ್ಷೆ ಏನು ಅಂದ್ರೆ, ಪೆಟ್ಟಿಗೆಯಾಗೆ ಒಂದಷ್ಟು ಸಾಮಾನು ಇಟ್ಟು ಇಲಿನ ಬಿಡ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬೇರೆ ಸಾಮಾನು ಇಡ್ತಾರೆ. ಆಮೇಲೆ ಎರಡನ್ನೂ ಕಲಸಿ, ಕೆಲವನ್ನ ಜಾಗ ಬದಲಿಸಿ ಇಡ್ತಾರೆ. ನೆನಪು ಚೆನ್ನಾಗಿರೋ ಇಲಿ ಮುಂಚೆ ಕಂಡದ್ದನ್ನ, ಜಾಗ ಬದಲಾದದ್ದನ್ನ ಹೆಚ್ಚು ಹೊತ್ತು ಮೂಸಿ ನೋಡುತ್ತೆ. ನೆನಪು ಕೆಟ್ಟಿದ್ರೆ ಎಲ್ಲಾ ಒಂದೇ. ಈ ಪರೀಕ್ಷೆಯಾಗೆ ಹೊಡಿಯೋದಿಲ್ಲ, ಉಪವಾಸ ಇಲ್ಲ, ನೋಡ್ತಾ ಕೂರೋದು ಅಷ್ಟೆ.

ಈ ಕೆಲಸದ ಬಗ್ಗೆ ನನ್ನ ಮನಸ್ಸಿನಾಗೆ ಎರಡು ಮಾತು ಅದಾವೆ, ಎರಡನ್ನೂ ಹೇಳ್ತೀನಿ.

ಒಂದು, ಎಲ್ಲಾ ಪರೀಕ್ಷೆ ಇಷ್ಟು ಸಾಧು ಅಲ್ಲ. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿಯವರು, ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಅವರು ಮತ್ತು ಜೊತೆಯವರು 2002ರಾಗೆ ಒಂದು ಅಧ್ಯಯನ ಪ್ರಕಟಿಸಿದ್ರು. ಇಲಿಗಳನ್ನ ದಿನಾ 2 ತಾಸಿನಂತೆ 10 ದಿನ ಅಲುಗಾಡದಂಗೆ ಹಿಡಿದಿಟ್ಟು ನೋಡಿದ್ರು. ಹಿಪೊಕ್ಯಾಂಪಸ್‌ನ ನರಕೋಶಗಳ ಕೊಂಬೆ ಕುಗ್ಗಿದ್ವು. ಭಯ ಹುಟ್ಟೋ ಜಾಗ ಅಮಿಗ್ಡಲಾ, ಅಲ್ಲಿ ಕೊಂಬೆ ಬೆಳೆದಿದ್ವು. ಇದನ್ನ ಕೇಳಿ ನನಗೆ ಹೊಟ್ಟೆ ಚುರ್ ಅಂತು. ಒಂದು ಜೀವನ ಹಂಗೆ ಹಿಡಿದಿಡೋದು ಸಣ್ಣ ಮಾತಲ್ಲ. ನಮ್ಮ ದೇಶದಾಗೆ ಇದಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಐತೆ, ಸಮಿತಿ ಒಪ್ಪಿಗೆ ಇಲ್ಲದೆ ಮಾಡಂಗಿಲ್ಲ. ಹಂಗಿದ್ರೂ ಬರೀ ನೋಡಿ ತಿಳಿಯೋದಕ್ಕೆ ದಾರಿ ಇದ್ದಾಗ ನೋಯಿಸಿ ತಿಳಿಯಬಾರದು ಅನ್ನೋದು ನನ್ನ ಮಾತು. ನೋಯಿಸಿ ತಿಳಿದದ್ದನ್ನ ಪುಸ್ತಕದಾಗೆ ಮಡಚಿ ಇಡೋದಂತೂ ಆ ಜೀವಗಳಿಗೆ ಮಾಡೋ ದ್ರೋಹ. ಅದು ಮನೆಮನೆಗೆ ಬರಬೇಕು.

ಯಾಕಂದ್ರೆ ಆ ಇಲಿಗಳು ಹೇಳಿದ್ದು ನಮ್ಮ ಮನೆಯದ್ದೇ ಸಂಗತಿ. ನೆನಪಿನ ಕೊಂಬೆ ಕುಗ್ಗುತ್ತೆ, ಭಯದ ಕೊಂಬೆ ಬೆಳೆಯುತ್ತೆ. 2010ರಾಗೆ ಅಮೆರಿಕದ ಅಯೋವಾದಾಗೆ ಹಿಪೊಕ್ಯಾಂಪಸ್ ಹಾಳಾದ ಕೆಲವರಿಗೆ ದುಃಖದ ಸಿನಿಮಾ ತುಣುಕು ತೋರಿಸಿದ್ರು. ಸ್ವಲ್ಪ ಹೊತ್ತಿಗೆ ಅವರಿಗೆ ಸಿನಿಮಾ ಮರೆತೇ ಹೋತು, ದುಃಖ ಮಾತ್ರ ಉಳೀತು. ಯಾಕೆ ದುಃಖ ಅನ್ನೋದು ಅವರಿಗೇ ಗೊತ್ತಿಲ್ಲ. ನಾನು ಬೆಂಡೋಲೆ ದಿನ ಬೈದಿದ್ದು ಅತ್ತೆಗೆ ಮರುದಿನ ನೆನಪಿರಲಿಲ್ಲ. ಆದ್ರೆ ಒಂದು ವಾರ ನಾನು ಕೋಣೆಗೆ ಹೋದ್ರೆ ಸೆರಗು ಬಿಗಿ ಹಿಡ್ಕೊಂಡು ಗೋಡೆ ಕಡೆ ಸರೀತಿದ್ರು. ಹೆಂಗೂ ಮರೀತಾರೆ ಬಿಡು ಅಂತ ಬೈಯೋರು ಇದನ್ನೊಂದು ತಿಳ್ಕೋಬೇಕು.

ಎರಡನೇ ಮಾತು ಪರೀಕ್ಷೆ ಬಗ್ಗೆ. ಇಲಿಯಾಗೆ ಗುಣ ಕಂಡ ಎಷ್ಟೋ ಔಷಧಿ ಮನುಷ್ಯರಾಗೆ ಸೋತಾವೆ. ಇದಕ್ಕೆ ಕಾರಣ ಹಲವು. ಅದರಾಗೆ ಒಂದು, ಪರೀಕ್ಷೆ ಸರಿಯಾದದ್ದನ್ನ ಅಳೀದೇ ಇರೋದು ಅಂತ ಕೆಲವು ವಿಜ್ಞಾನಿಗಳೇ ಹೇಳ್ತಾರೆ. ದಿನಾ ಈಜಿಸಿ ಈಜಿಸಿ ಒಂದು ಜಾಗ ಕಲಿಸಿದ್ರೆ ಇಲಿ ಕಲಿಯುತ್ತೆ. ಅದು ನಮ್ಮ ಬೀದಿ ಹಸ ಕಲ್ತ ಹಂಗೆ. ರೋಗಿ ಕಳ್ಕೊಂಡಿರೋದು ಒಂದು ಸಲದ ಘಟನೆ. ಕಳೆದದ್ದು ಒಂದು, ಅಳೆಯೋದು ಇನ್ನೊಂದು ಆದ್ರೆ ಹೆಂಗೆ? ಅದಕ್ಕೇ ಏನು, ಎಲ್ಲಿ, ಯಾವಾಗ ಅನ್ನೋ ಪರೀಕ್ಷೆಗಳನ್ನ ಕಷ್ಟಪಟ್ಟು ಕಟ್ತಿದಾರೆ.

ಇಲಿಗೆ ಇಷ್ಟು ಯೋಚನೆ ಮಾಡೋರು ನಮ್ಮ ಓದುಬರಹ ಇಲ್ಲದ ಹಿರಿಯರಿಗೆ ಎಷ್ಟು ಯೋಚನೆ ಮಾಡಿದಾರೆ? ಅತ್ತೆನ ಮೊದಲ ಸಲ ತೋರಿಸಿದ ಕಡೆ ಕೇಳಿದ್ದು ಇವು: ಇವತ್ತು ತಾರೀಖು ಎಷ್ಟು, 100ರಾಗೆ 7 ಕಳೆದ್ರೆ ಎಷ್ಟು, ಹಾಳೆ ಮೇಲೆ ಗಡಿಯಾರ ಬರೀರಿ. ಅತ್ತೆ ಪೆನ್ನು ಹಿಡಿದೋರೇ ಅಲ್ಲ. ತಾರೀಖು ಅವರಿಗೆ ನಲವತ್ತನೇ ವಯಸ್ಸಿನಾಗೂ ಗೊತ್ತಿರಲಿಲ್ಲ. ಅವರ ಕ್ಯಾಲೆಂಡರು ಅಮಾಸಿ, ಹುಣ್ಣಿಮೆ, ದುಗ್ಗಮ್ಮನ ಜಾತ್ರೆ, ನಮ್ಮ ಮಾವನ ಕಾಟನ್ ಮಿಲ್ಲಿನ ಪಗಾರದ ದಿನ. ಅವರು ಪೆನ್ನನ್ನ ಹಂಗೇ ಹಿಡ್ಕೊಂಡು ನನ್ನ ಮುಖ ನೋಡಿದ್ರು, ಪರೀಕ್ಷೆಯಾಗೆ ಫೇಲಾದ ಮಗು ನೋಡೋ ಹಂಗೆ. ಕಾಯಿಲೆ ಇತ್ತು, ಅದು ಬೇರೆ. ಆದ್ರೆ ಅವತ್ತು ಅಳೆದದ್ದು ಕಾಯಿಲೆನೋ, ಸ್ಕೂಲಿಗೆ ಹೋಗದೇ ಇದ್ದದ್ದನ್ನೋ?

ಇದಕ್ಕೆ ದಾರಿ ಇಲ್ಲ ಅಂತಲ್ಲ. 1990ರ ದಶಕದಾಗೆ ಹರಿಯಾಣದ ಬಲ್ಲಭಗಢದ ಹಳ್ಳಿಗಳಾಗೆ ಓದುಬರಹ ಇಲ್ಲದೋರಿಗೆ ಅಂತಲೇ ಹಿಂದಿಯಾಗೆ ಒಂದು ಪರೀಕ್ಷೆ ಮಾಡಿದ್ರು. "ಕಣ್ಣು ಮುಚ್ಚಿ" ಅಂತ ಬರೆದದ್ದನ್ನ ಓದಿಸೋ ಬದಲು, ನಾನು ಮಾಡಿದಂಗೆ ಮಾಡ್ರಿ ಅಂತ ಪರೀಕ್ಷೆ ಮಾಡೋರೇ ಕಣ್ಣು ಮುಚ್ಚಿ ತೋರಿಸ್ತಾರೆ. ಒಂದು ವಾಕ್ಯ ಬರೀರಿ ಅನ್ನೋ ಬದಲು ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳ್ರಿ ಅಂತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಕನ್ನಡವೂ ಸೇರಿ 5 ಭಾಷೆಗಳಾಗೆ ನೆನಪು, ಮಾತು, ಗಮನ ಅಳೆಯೋ ಪರೀಕ್ಷೆಗಳ ಕಂತೆ ಸಿದ್ಧ ಮಾಡೈತೆ. ಇವು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಾಗೇ ಉಳಿಯಬಾರದು, ತಾಲೂಕು ಆಸ್ಪತ್ರೆ ಡಾಕ್ಟ್ರ ಟೇಬಲ್ ಮೇಲೆ ಬರಬೇಕು. 2023ರಾಗೆ ಬಂದ ಒಂದು ಲೆಕ್ಕದ ಪ್ರಕಾರ ನಮ್ಮ ದೇಶದಾಗೆ 60 ದಾಟಿದೋರ ಪೈಕಿ ನೂರಕ್ಕೆ 7.4 ಮಂದಿಗೆ, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಐತೆ. ಗಂಡಸರಿಗಿಂತ ಹೆಂಗಸರಾಗೆ ಹೆಚ್ಚು, ಓದಿದೋರಿಗಿಂತ ಓದದೋರಾಗೆ ಹೆಚ್ಚು. ಅಂದ್ರೆ ಪೆನ್ನು ಹಿಡಿಯದ ಕೈಗಳೇ ಈ ಲೆಕ್ಕದಾಗೆ ಬಾಳ.

ಕ್ಲೇಟನ್ ಅವರಿಗೆ ಹಕ್ಕಿನ ಮಾತಾಡಿಸಾಕೆ ಆಗ್ತಿರಲಿಲ್ಲ. ಅದಕ್ಕೇ ಅದರ ರೂಢಿ ಏನು, ಅದಕ್ಕೆ ಇಷ್ಟ ಏನು ಅಂತ ನೋಡಿ ಅದಕ್ಕೆ ತಕ್ಕ ಪರೀಕ್ಷೆ ಕಟ್ಟಿದ್ರು. ಹಕ್ಕಿಗೆ ಗಡಿಯಾರ ಬರೆ ಅನ್ನಲಿಲ್ಲ. ಇಷ್ಟು ಮರ್ಯಾದೆ ನಮ್ಮ ಅಜ್ಜಿಯರಿಗೂ ಸಲ್ಲಬೇಕು ಅನ್ನೋದೇ ನಾನು ಇಷ್ಟುದ್ದ ಬರೆದದ್ದರ ಸಾರ.

ಡಾಕ್ಟ್ರಿಗೆ ಹೇಳೋ ಮುಂಚೆ ನಮಗೆ ನಾವೇ ಹೇಳ್ಕೋಬೇಕು. ನಾವೂ ಮನ್ಯಾಗೆ ಪರೀಕ್ಷೆ ಮಾಡ್ತೀವಿ. ನೆಂಟರು ಬಂದ್ರೆ ಸಾಕು, "ಅಜ್ಜಿ, ನಾನ್ಯಾರು ಹೇಳು ನೋಡಾಣ" ಅಂತ ಶುರು. ಹೇಳಲಿಲ್ಲ ಅಂದ್ರೆ ನಗು, ಇಲ್ಲಾ ಅಳು. ನಮ್ಮ ಮನ್ಯಾಗೆ ಈಗ ಅದನ್ನ ಬಂದ್ ಮಾಡೀವಿ. ಬಂದೋರು ಮೊದಲು ತಮ್ಮ ಹೆಸರು, ಯಾರ ಮಗ ಅನ್ನೋದು ತಾವೇ ಹೇಳಬೇಕು. ಬೆಳಿಗ್ಗೆ ಏನು ತಿಂದ್ರಿ ಅಂತ ಕೇಳಲ್ಲ, "ಮಂಡಕ್ಕಿ ಒಗ್ಗರಣೆ ಮಾಡಿದ್ದೆ, ಖಾರ ಆಗಿತ್ತಾ ಅತ್ತೆ" ಅಂತೀನಿ. ಒಂದೊಂದ್ಸಲ "ಉಪ್ಪು ಕಮ್ಮಿ ಇತ್ತು" ಅಂತಾರೆ. ಅದು ನೆನಪೋ, ಸೊಸೆ ಅಡಿಗೆ ಬಗ್ಗೆ ಅತ್ತೆಯರ ರೂಢಿ ಮಾತೋ, ವಿಜ್ಞಾನಿಗಳೇ ಹೇಳಬೇಕು.

ಕೆಲವು ಸಲ ಇನ್ನೂ ಕತ್ತಲಿರುವಾಗಲೇ ಎದ್ದು "ಮಿಲ್ಲು ಕೂಗ್ತು, ಬುತ್ತಿ ಕಟ್ಟವ್ವ" ಅಂತಾರೆ. ಮಾವ ಹೋಗಿ ಹನ್ನೊಂದು ವರ್ಷ ಆತು, ಆ ಮಿಲ್ಲಿನ ಸೈರನ್ ನಿಂತು ಇನ್ನೂ ಎಷ್ಟೋ ವರ್ಷ ಆತು. ಮುಂಚೆ "ಮಾವ ಇಲ್ಲಲ್ರೀ" ಅಂತ ತಿದ್ದುತಿದ್ದೆ, ಪ್ರತಿ ಸಲ ಹೊಸದಾಗಿ ಕೇಳಿದಂಗೆ ಅಳ್ತಿದ್ರು. ಈಗ "ಕಟ್ತೀನಿ ಅತ್ತೆ, ಇನ್ನೂ ಹೊತ್ತೈತೆ ಮಲಕ್ಕೊಳ್ರಿ" ಅಂತೀನಿ. ಮಲಗ್ತಾರೆ.

ನಿಮ್ಮ ಮನ್ಯಾಗೂ ಹಿರಿಯರು ಇದ್ದು ಏನಾದ್ರೂ ಕಾಣೆಯಾದ್ರೆ, ಕೆಲಸದೋರ ಮುಖ ನೋಡೋ ಮುಂಚೆ ಜೋಳದ ಡ್ರಮ್ಮು, ಬೇಳೆ ಡಬ್ಬಿ, ದಿಂಬಿನ ಚೀಲ ನೋಡ್ರಿ. ನಾನು ನೋಡಬೇಕಿತ್ತು. ಆಕೆ ಈಗ ಮೂರನೇ ಕ್ರಾಸಿನ ಮನೆಗೆ ಹೋಗ್ತಾಳೆ. ದಾರಿಯಾಗೆ ಸಿಕ್ಕಾಗ "ಅಜ್ಜಿ ಹೆಂಗದಾರೆ ಅಕ್ಕ" ಅಂತ ಕೇಳ್ತಾಳೆ.